ಶೇರ್ಡ್ ಅಕೌಂಟಿನಲ್ಲಿ ಗುರುತಿಲ್ಲದ ಡಿವೈಸ್‌ಗಳು: ಮೊದಲು ಪಾಸ್‌ವರ್ಡೋ, ಮೊದಲು ಸೈನ್ ಔಟೋ?

ಟೋಪತೆನಿ_ಇಳಕಲ್

ಸೀರಿ ಅಂಗಡಿದು ಒಂದ ಜೀಮೇಲ್, ಒಂದ ವಾಟ್ಸಾಪ್ ಬಿಸಿನೆಸ್. ನಾಕ ಮಂದಿ ಬಳಸ್ತಾರ, ಎಲ್ಲಾರಿಗೂ ಒಂದ ಪಾಸ್‌ವರ್ಡ್. ಗೂಗಲ್ ಸೆಕ್ಯುರಿಟಿ ಪೇಜಿನ್ಯಾಗ ಈಗ 7 ಸಾಲು ತೋರಸಾಕತ್ತೈತಿ. ಫೋನ್ 3, ವಿಂಡೋಸ್ 2, ಲಿನಕ್ಸ್ 1, ಟಿವಿ 1. ಅಂಗಡ್ಯಾಗ ಕಂಪ್ಯೂಟರ್ ಇರೂದು ಒಂದ. ಲಿನಕ್ಸ್ ಅಂತೂ ಯಾರ ಕಡೀನೂ ಇಲ್ಲ. ಒಂದ ವಿಂಡೋಸ್ ಮುಂದ ಪುಣೆ ಅಂತ ಬರದೈತಿ. ಕೆಲಸ ಬಿಟ್ಟ ಒಬ್ಬರ ಫೋನೂ ಇದರಾಗ ಐತಿ.

ಪಾಸ್‌ವರ್ಡ್ ಬದಲಿಸಿದ್ರ ಎಲ್ಲಾ ಒಮ್ಮೆಗೆ ಹೋಗ್ತಾವೋ, ಒಂದೊಂದ ಕುಂತ ತಗೀಬೇಕೋ? ಪ್ರಿಂಟಿಗೆ ಝೆರಾಕ್ಸ್ ಅಂಗಡಿಯಾಗ ವಾಟ್ಸಾಪ್ ವೆಬ್ ತೆರೆಯೂದೂ ಐತಿ, ಅದರ ಬಗ್ಗೆನೂ ಹೇಳ್ರಿ.

ಟಿಳಕವಾಡಿ_3ನೇಗೇಟ್

ಮೊದಲು ಆ ಪಟ್ಟಿ ಓದುವುದು ಹೇಗೆ ಅನ್ನುವುದನ್ನು ನೋಡೋಣ. ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ.

ಅಲ್ಲಿ ಕಾಣುವ ಒಂದೊಂದು ಸಾಲೂ ಒಂದೊಂದು ಯಂತ್ರವಲ್ಲ, ಒಂದೊಂದು ಸೆಷನ್, ಅಂದರೆ ಒಂದು ಬ್ರೌಸರ್ ಅಥವಾ ಆಪ್‌ನಿಂದ ಆದ ಒಂದು ಲಾಗಿನ್. ಒಂದೇ ಕಂಪ್ಯೂಟರಿನಲ್ಲಿ ಕ್ರೋಮ್‌ನಿಂದಲೂ ಎಡ್ಜ್‌ನಿಂದಲೂ ಒಳಗೆ ಹೋದರೆ ಎರಡು ಸೆಷನ್. ಕುಕೀಸ್ (ಲಾಗಿನ್ ನೆನಪಿಡುವ ಬ್ರೌಸರಿನ ಸಣ್ಣ ಫೈಲ್‌ಗಳು) ಅಳಿಸಿ ಮತ್ತೆ ಲಾಗಿನ್ ಆದರೆ ಇನ್ನೊಂದು. ಪ್ರೈವೇಟ್ ವಿಂಡೋದಲ್ಲಿ ತೆರೆದರೆ ಮತ್ತೊಂದು. ಈಗ ಲಾಗಿನ್ ಆಗಿರುವವಷ್ಟೇ ಅಲ್ಲ, ಕಳೆದ 28 ದಿನಗಳಲ್ಲಿ ಸಕ್ರಿಯವಾಗಿದ್ದವೂ ಅಲ್ಲಿ ಬರುತ್ತವೆ. ಹಾಗಾಗಿ 7 ಸಾಲು ಅಂದ ಮಾತ್ರಕ್ಕೆ 7 ಯಂತ್ರ ಅಂತಲ್ಲ.

ಲಿನಕ್ಸ್ ಅಂತ ಬಂದದ್ದು ಬಹುತೇಕ ಯಾರದೋ ಆಂಡ್ರಾಯ್ಡ್ ಫೋನೇ ಇರಬೇಕು. ಫೋನಿನ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ 'ಡೆಸ್ಕ್‌ಟಾಪ್ ಸೈಟ್' ಟಿಕ್ ಮಾಡಿದರೆ ಆ ಬ್ರೌಸರ್ ತನ್ನನ್ನು ಲಿನಕ್ಸ್ ಕಂಪ್ಯೂಟರ್ ಅಂತಲೇ ಪರಿಚಯಿಸಿಕೊಳ್ಳುತ್ತದೆ. ಅರ್ಜಿ ಫಾರಂ ಫೋನಿನಲ್ಲಿ ಸರಿಯಾಗಿ ತೆರೆಯದಿದ್ದಾಗ ಜನ ಹೆಚ್ಚಾಗಿ ಮಾಡುವುದೇ ಇದನ್ನು.

ಪುಣೆ ಅಂದಕೂಡಲೇ ಹೆದರಬೇಡಿ. ಊರಿನ ಹೆಸರು ಬರುವುದು ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕಕ್ಕೆ ಸಿಗುವ ಸಂಖ್ಯೆ), ಜಿಪಿಎಸ್‌ನಿಂದಲ್ಲ. ಮೊಬೈಲ್ ಡೇಟಾ ಬಳಸಿದಾಗ ಆ ಕಂಪನಿ ಇಂಟರ್ನೆಟ್ಟಿಗೆ ಸೇರುವ ಗೇಟ್‌ವೇ ಎಲ್ಲಿದೆಯೋ ಆ ಊರು ಬೀಳುತ್ತದೆ. ಬೆಳಗಾವಿಯಲ್ಲಿ ಕೂತವರಿಗೆ ಬೆಂಗಳೂರು, ಮುಂಬೈ, ಪುಣೆ ಯಾವುದಾದರೂ ಕಾಣಬಹುದು. ಊರಿಗಿಂತ ದಿನಾಂಕ, ವೇಳೆ, ಬ್ರೌಸರ್ ಈ ಮೂರನ್ನು ತಾಳೆ ಹಾಕಿ. ಅಂಗಡಿ ಮುಚ್ಚಿದ ಹೊತ್ತಿನಲ್ಲಿ, ಅಂಗಡಿಯಲ್ಲಿ ಯಾರೂ ಬಳಸದ ಬ್ರೌಸರಿನಿಂದ ಚಟುವಟಿಕೆ ಇದ್ದರೆ ಅದು ಅನುಮಾನದ ಮಾತು.

ಬಾದಾಮಿ_ಕೆಂಪುಕಲ್ಲು

ಇಷ್ಟೆಲ್ಲಾ ಯಾಕ್ರಿ? ಪಾಸ್‌ವರ್ಡ್ ಬದಲಿಸಿ ಬಿಡ್ರಿ, ತಾನ ಎಲ್ಲಾ ಹೊರಗ ಬೀಳ್ತಾವ.

ಗುಮ್ಮಟನಗರಿ

ಎಲ್ಲವೂ ಬೀಳುವುದಿಲ್ಲ, ಅಲ್ಲೇ ಇದೆ ಗಂಟು. ಗೂಗಲ್ ಪಾಸ್‌ವರ್ಡ್ ಬದಲಿಸಿದಾಗ ಹೆಚ್ಚಿನ ಸೆಷನ್‌ಗಳು ಮುಗಿಯುತ್ತವೆ ನಿಜ, ಆದರೆ ಮೂರು ಬಗೆಯವು ಉಳಿಯಬಹುದು. 'ಇದು ನೀವೇನಾ' ಅಂತ ಖಚಿತಪಡಿಸಲು ಬಳಕೆಯಲ್ಲಿರುವ ಫೋನುಗಳು, ಅನುಮತಿ ಪಡೆದ ಹೊರಗಿನ ಆಪ್ ಇರುವ ಕೆಲವು ಡಿವೈಸ್‌ಗಳು, ಸ್ಮಾರ್ಟ್ ಸ್ಪೀಕರ್ ಥರದ ಮನೆ ಸಾಮಾನು.

ಮೊದಲನೆಯದನ್ನು ಇನ್ನೊಮ್ಮೆ ಓದಿ. ಕೆಲಸ ಬಿಟ್ಟವರ ಫೋನಿನಲ್ಲಿ ಅಕೌಂಟ್ ಇನ್ನೂ ಇದೆ ಅಂದರೆ, ಟೂ ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಖಾತ್ರಿ ಕೇಳುವುದು) ಹಾಕಿದಾಗ 'ಹೌದು, ನಾನೇ' ಅಂತ ಒತ್ತುವ ಸೂಚನೆ ಆ ಫೋನಿಗೂ ಹೋಗುತ್ತದೆ. ಬೀಗ ಬದಲಿಸಿ ಹೊಸ ಕೀಲಿ ಅವರಿಗೂ ಕೊಟ್ಟ ಹಾಗೆ. ಅದಕ್ಕೇ ಮೊದಲು ಸೈನ್ ಔಟ್, ಆಮೇಲೆ ಪಾಸ್‌ವರ್ಡ್. ಕ್ರಮ ಹೀಗಿರಲಿ:

ಅಂಗಡಿಯ ಕಂಪ್ಯೂಟರ್ ಬಿಟ್ಟು, ಮಾಲೀಕರ ಫೋನಿನಿಂದ ಶುರು ಮಾಡಿ. ಸೆಟ್ಟಿಂಗ್ಸ್, ಗೂಗಲ್, ಮ್ಯಾನೇಜ್ ಯುವರ್ ಗೂಗಲ್ ಅಕೌಂಟ್, ಸೆಕ್ಯುರಿಟಿ. ಮೊದಲ ಕೆಲಸ ರಿಕವರಿ ಫೋನ್ ಮತ್ತು ರಿಕವರಿ ಇಮೇಲ್ ನೋಡುವುದು. ಅಲ್ಲಿ ಹಳಬರ ನಂಬರ್ ಇದ್ದರೆ ಮುಂದಿನದ್ದೆಲ್ಲ ವ್ಯರ್ಥ, 'ಪಾಸ್‌ವರ್ಡ್ ಮರೆತೆ' ಅಂತ ಒತ್ತಿ ವಾಪಸ್ ಒಳಗೆ ಬರುತ್ತಾರೆ. ನಂಬರ್ ಬದಲಿಸಿದ ಮೇಲೂ 7 ದಿನ ಹಳೆಯ ನಂಬರಿಗೆ ಕೋಡ್ ಕಳಿಸುವ ಆಯ್ಕೆಯನ್ನು ಗೂಗಲ್ ಇಟ್ಟಿರಬಹುದು. ನಿಜವಾದ ಮಾಲೀಕರಿಗೆ ಅನುಕೂಲವಾಗಲಿ ಅಂತ ಮಾಡಿದ ನಿಯಮ, ಇಂಥ ಕಡೆ ತಿರುಗಿ ಬೀಳುತ್ತದೆ. ಆ ಒಂದು ವಾರ ಸೆಕ್ಯುರಿಟಿ ಮೇಲ್‌ಗಳನ್ನು ಬಂದ ಹಾಗೆ ಓದಿ.

ಎರಡನೆಯದು 'ಯುವರ್ ಡಿವೈಸಸ್' ಕೆಳಗಿನ 'ಮ್ಯಾನೇಜ್ ಆಲ್ ಡಿವೈಸಸ್'. ಗುರುತಿಲ್ಲದ್ದನ್ನೂ ಹಳಬರದ್ದನ್ನೂ ಒಂದೊಂದಾಗಿ ತೆರೆದು ಸೈನ್ ಔಟ್ ಕೊಡಿ. ಒಂದೇ ಹೆಸರಿನ ಕೆಳಗೆ ಎರಡು ಮೂರು ಸೆಷನ್ ಇದ್ದರೆ ಎಲ್ಲವನ್ನೂ ತೆಗೆಯಿರಿ. ನಮ್ಮದೇ ಒಂದು ಹೋದರೆ ಮತ್ತೆ ಲಾಗಿನ್ ಆದರಾಯಿತು, ಬೇರೆಯವರದ್ದು ಉಳಿದರೆ ಕಷ್ಟ.

ಆಮೇಲೆ ಪಾಸ್‌ವರ್ಡ್. ಅದರ ಬೆನ್ನಿಗೇ ಟೂ ಸ್ಟೆಪ್ ಪೇಜ್. ಅಲ್ಲಿ ಯಾವ ನಂಬರ್‌ಗಳಿವೆ ನೋಡಿ, ಬ್ಯಾಕಪ್ ಕೋಡ್‌ಗಳ (ಫೋನ್ ಕೈಯಲ್ಲಿಲ್ಲದಾಗ ಒಳಗೆ ಹೋಗಲು ಬಳಸುವ ಕೋಡ್) ಹೊಸ ಸೆಟ್ ತೆಗೆಯಿರಿ. ತಲಾ 8 ಅಂಕಿಯ 10 ಕೋಡ್ ಬರುತ್ತವೆ, ಹೊಸದು ತೆಗೆದ ಕ್ಷಣ ಹಳೆಯ ಸೆಟ್ ಸತ್ತಿತು. 'ಈ ಡಿವೈಸಿನಲ್ಲಿ ಮತ್ತೆ ಕೇಳಬೇಡ' ಅಂತ ಯಾರಾದರೂ ಟಿಕ್ ಹಾಕಿದ್ದರೆ ಅದನ್ನೂ ಅಲ್ಲಿಂದಲೇ ರದ್ದು ಮಾಡಬಹುದು. ಪಾಸ್‌ಕೀ (ಫೋನಿನ ಬೆರಳಚ್ಚು ಅಥವಾ ಲಾಕ್‌ನಿಂದಲೇ ಲಾಗಿನ್ ಆಗುವ ಕೀಲಿ) ಪಟ್ಟಿಯಲ್ಲಿ ಹಳಬರ ಫೋನಿನ ಪಾಸ್‌ಕೀ ಇದ್ದರೆ ಅಳಿಸಿ. ಪಾಸ್‌ಕೀ ಇದ್ದವರಿಗೆ ಪಾಸ್‌ವರ್ಡ್ ಬೇಕೇ ಇಲ್ಲ, ನೀವು ಎಷ್ಟು ಸಲ ಬದಲಿಸಿದರೂ ಅಷ್ಟೇ.

ಘಟಪ್ರಭಾ_ಕಾಲುವೆ

ಮ್ಯಾಗಿನದಕ್ಕ ಒಂದ ಸೇರಸ್ತೀನಿ. ಡಿವೈಸ್ ಪಟ್ಟಿಯಾಗ ಕಾಣದಂಗ ಮೇಲ್ ಹೊರಗ ಹೋಗೂ ದಾರಿ ಅದಾವ. ಕಂಪ್ಯೂಟರಿನ್ಯಾಗ ಜೀಮೇಲ್ ತಗದು ಗಿಯರ್ ಗುರುತು, 'ಸೀ ಆಲ್ ಸೆಟ್ಟಿಂಗ್ಸ್' ಒತ್ರಿ. 'ಫಾರ್ವರ್ಡಿಂಗ್ ಅಂಡ್ ಪಾಪ್/ಐಮ್ಯಾಪ್' ಟ್ಯಾಬಿನ್ಯಾಗ (ಪಾಪ್, ಐಮ್ಯಾಪ್ ಅಂದ್ರ ಬ್ಯಾರೆ ಮೇಲ್ ಸಾಫ್ಟ್‌ವೇರ್ ಮೇಲ್ ಎಳಕೊಳ್ಳೂ ದಾರಿ) ಯಾವದಾರ ವಿಳಾಸ ಕುಂತೈತೇನು ನೋಡ್ರಿ. 'ಫಿಲ್ಟರ್ಸ್' ಟ್ಯಾಬ್ ಬಿಡಬ್ಯಾಡ್ರಿ, ಬ್ಯಾಂಕಿನ ಮೇಲ್ ಬಂದ್ರ ಬ್ಯಾರೆ ವಿಳಾಸಕ್ಕ ಕಳಿಸಿ ಇಲ್ಲೆ ಅಳಿಸು ಅನ್ನೂ ಫಿಲ್ಟರ್ ಹಾಕಿದ್ರ ಇನ್‌ಬಾಕ್ಸಿನ್ಯಾಗ ನಿಮಗ ಏನೂ ಕಾಣೂದಿಲ್ಲ. ಪಾಸ್‌ವರ್ಡ್ ಬದಲಿಸಿದ್ರೂ ಫಿಲ್ಟರ್ ತನ್ನ ಕೆಲಸ ಮಾಡಕೋತನ ಇರ್ತೈತಿ.

ಇನ್‌ಬಾಕ್ಸಿನ ತಳದಾಗ ಬಲಗಡೆ ಸಣ್ಣ ಅಕ್ಷರದಾಗ 'ಡೀಟೇಲ್ಸ್' ಅಂತ ಐತಿ. ಒತ್ತಿದ್ರ ಇತ್ತೀಚಿನ ಚಟುವಟಿಕಿ, ಐಪಿ ವಿಳಾಸ, ಬ್ರೌಸರೋ ಮೊಬೈಲೋ ಪಾಪ್ ಐಮ್ಯಾಪೋ ಎಲ್ಲಾ ಬರ್ತಾವ. ಔಟ್‌ಲುಕ್ ಥರದ ಮೇಲ್ ಸಾಫ್ಟ್‌ವೇರಿನ್ಯಾಗ 16 ಅಕ್ಷರದ ಆಪ್ ಪಾಸ್‌ವರ್ಡ್ (ಅಂಥ ಸಾಫ್ಟ್‌ವೇರಿಗಂತ ಗೂಗಲ್ ಕೊಡೂ ಬ್ಯಾರೆ ಪಾಸ್‌ವರ್ಡ್) ಹಾಕಿದ್ರ ಅದು ಸಿಗೂದು ಇಲ್ಲೇ.

ಟೋಪತೆನಿ_ಇಳಕಲ್

ಫಾರ್ವರ್ಡಿಂಗ್ ಖಾಲಿ ಐತಿ. ಅನುಮತಿ ಕೊಟ್ಟ ಹೊರಗಿನ ಆಪ್ ಪಟ್ಟಿ, 'ಥರ್ಡ್ ಪಾರ್ಟಿ' ಅನ್ನೂದರಾಗ 11 ಆಪ್ ಅದಾವ! ಬಿಲ್ಲಿಂಗ್ ಸಾಫ್ಟ್‌ವೇರ್ ಬ್ಯಾರೆ ಐತಿ, ಅದನ್ನ ತಗದ್ರ ಬಂದ್ ಆಗ್ತೈತೇನು?

ಗುಮ್ಮಟನಗರಿ

ಒಂದೊಂದನ್ನೂ ತೆರೆದು ಯಾವ ಅನುಮತಿ ಅಂತ ಓದಿ. 'ಸೈನ್ ಇನ್ ವಿತ್ ಗೂಗಲ್' ಅಂತಷ್ಟೇ ಇದ್ದರೆ ಅದಕ್ಕೆ ಸಿಗುವುದು ಹೆಸರು, ಇಮೇಲ್, ಫೋಟೋ ಅಷ್ಟೇ. ಡ್ರೈವ್ ನೋಡುವ, ಮೇಲ್ ಓದುವ, ಅಳಿಸುವ ಅನುಮತಿ ಇದ್ದದ್ದು ಬೇರೆ ಜಾತಿ. ಬಿಲ್ಲಿಂಗ್‌ನದು ಡ್ರೈವಿಗೆ ಬ್ಯಾಕಪ್ ಹಾಕುತ್ತಿದ್ದರೆ ಅದೊಂದನ್ನು ಉಳಿಸಿ. ತೆಗೆದರೂ ಸಾಫ್ಟ್‌ವೇರ್ ನಿಲ್ಲುವುದಿಲ್ಲ, ಬ್ಯಾಕಪ್ ನಿಲ್ಲುತ್ತದೆ, ಮತ್ತೆ ಅನುಮತಿ ಕೊಟ್ಟರೆ ಸರಿಹೋಗುತ್ತದೆ. ಹಳೇ ಆಟ, ಫೋಟೋ ಎಡಿಟರ್, ಜಾತಕದ ಆಪ್ ಇದ್ದರೆ ಯೋಚಿಸದೆ ತೆಗೆಯಿರಿ.

ಖಡೇಬಜಾರ್_ಪ್ರಿಂಟ್

ಝೆರಾಕ್ಸ್ ಅಂಗಡಿ ವಿಷಯಕ್ಕ ಬರ್ತೀನಿ. ಕೌಂಟರಿನ ಈ ಕಡೆ ಇದ್ದು ಹೇಳೂ ಮಾತು.

ವಾಟ್ಸಾಪ್ ವೆಬ್ ತೆರದು ಪ್ರಿಂಟ್ ತಗೊಂಡ ಮ್ಯಾಗ ಬ್ರೌಸರ್ ಟ್ಯಾಬ್ ಮುಚ್ಚಿದ್ರ ಲಾಗೌಟ್ ಆಗೂದಿಲ್ಲ. ಟ್ಯಾಬ್ ಮತ್ತ ತೆರದ್ರ ನಿಮ್ಮ ಚಾಟ್ ಹಂಗ ಮುಂದ ಬಂದು ನಿಲ್ತಾವ. ನಿಮ್ಮ ಫೋನಿನ್ಯಾಗ ಮೂರು ಚುಕ್ಕಿ, 'ಲಿಂಕ್ಡ್ ಡಿವೈಸಸ್' ತಗೀರಿ. ಅಲ್ಲಿ ಬ್ರೌಸರಿನ ಹೆಸರು, ಕೊನೀ ಸಲ ಸಕ್ರಿಯ ಇದ್ದ ವ್ಯಾಳ್ಯಾ ಇರ್ತೈತಿ, ಮುಟ್ಟಿ ಲಾಗೌಟ್ ಕೊಡ್ರಿ. ಅಂಗಡಿಯಿಂದ ಹೊರಗ ಬೀಳೂಕಿಂತ ಮೊದಲ ಮಾಡ್ರಿ. ಮುಖ್ಯ ಫೋನ್ ಬಿಟ್ಟು 4 ಡಿವೈಸ್ ಜೋಡಸಬಹುದು. ಮುಖ್ಯ ಫೋನ್ 14 ದಿನಕ್ಕಿಂತ ಹೆಚ್ಚು ಬಳಸಲಿಲ್ಲಂದ್ರ ಜೋಡಸಿದ್ದು ತಾನ ಬಿಚ್ಚಕೋತಾವ, ಆದ್ರ ಫೋನ್ ದಿನಾ ಬಳಸವರಿಗೆ ಅದರಿಂದ ಏನೂ ಉಪಯೋಗಿಲ್ಲ.

ಲಾಗೌಟ್ ಮಾಡಿದ್ರೂ ಡೌನ್‌ಲೋಡ್ ಆದ ಫೈಲ್ ಅಲ್ಲೇ ಕುಂತಿರ್ತೈತಿ, ಇದನ್ನ ಯಾರೂ ಲಕ್ಷ ಕೊಡೂದಿಲ್ಲ. ಪ್ರಿಂಟ್ ಕೊಡಾಕ ಪಿಡಿಎಫ್ ಇಳಿಸಿಕೊಂಡಿರ್ತಾರ, ಡೌನ್‌ಲೋಡ್ಸ್ ಫೋಲ್ಡರಿನ್ಯಾಗ ಆಧಾರ್, ಪಹಣಿ, ಮಾರ್ಕ್ಸ್‌ಕಾರ್ಡ್ ರಾಶಿ ಬಿದ್ದಿರ್ತಾವ. ಅಲ್ಲೇ ನಿಂತು ಫೈಲ್ ಮ್ಯಾಗ ಕ್ಲಿಕ್ ಮಾಡಿ ಶಿಫ್ಟ್ ಒತ್ತಿಕೊಂಡು ಡಿಲೀಟ್ ಹೊಡೀರಿ, ರಿಸೈಕಲ್ ಬಿನ್ನಿಗೆ ಹೋಗೂದಿಲ್ಲ. ಅಂಗಡಿಯವರು ಬ್ಯಾಡ ಅನ್ನೂದಿಲ್ಲ, ಗದ್ದಲ ಇದ್ದಾಗ ಅವರಿಗೆ ನೆನಪ ಇರೂದಿಲ್ಲ ಅಷ್ಟ. ಆಧಾರ್ ಕೊಡೂದಿದ್ರ ಕೊನೀ 4 ಅಂಕಿ ಮಾತ್ರ ಕಾಣೂ ಮಾಸ್ಕ್ಡ್ ಆಧಾರ್ ಇಳಿಸಿ ಒಯ್ರಿ. ಇ-ಆಧಾರ್ ಪಿಡಿಎಫ್ ಪಾಸ್‌ವರ್ಡ್ ಅಂದ್ರ ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಮುಂದ ಹುಟ್ಟಿದ ಇಸವಿ. ಕೈಯಾಗ ನಿಮ್ಮ ಅರ್ಜಿ ಇದ್ದವರಿಗೆ ಅದು ಪಾಸ್‌ವರ್ಡೇ ಅಲ್ಲ.

ಟಿಳಕವಾಡಿ_3ನೇಗೇಟ್

ವಾಟ್ಸಾಪ್‌ನಲ್ಲಿ ಎರಡು ಕೋಡ್‌ಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ, ಬಿಡಿಸಿ ಹೇಳಬೇಕು.

ಎಸ್ಸೆಮ್ಮೆಸ್ಸಿನಲ್ಲಿ ಬರುವ 6 ಅಂಕಿಯದು ನೋಂದಣಿ ಕೋಡ್. ಅದನ್ನು ಯಾರಿಗಾದರೂ ಹೇಳಿದರೆ ಅಕೌಂಟ್ ಪೂರ್ತಿ ಅವರ ಫೋನಿಗೆ ಹೋಗುತ್ತದೆ, ನಿಮ್ಮ ಫೋನಿನಲ್ಲಿ ವಾಟ್ಸಾಪ್ ಹೊರಬೀಳುತ್ತದೆ. ಕಳವಾದದ್ದು ಆ ನಿಮಿಷವೇ ಗೊತ್ತಾಗುತ್ತದೆ. ಟೂ ಸ್ಟೆಪ್ ಪಿನ್ (ವಾಟ್ಸಾಪ್‌ನಲ್ಲಿ ನೀವೇ ಇಟ್ಟುಕೊಳ್ಳುವ ಗುಟ್ಟಿನ ಸಂಖ್ಯೆ) ಹಾಕಿದ್ದರೆ ಇಲ್ಲಿ ಅಡ್ಡ ಬರುತ್ತದೆ.

ಇನ್ನೊಂದು, ಅಕ್ಷರ ಅಂಕಿ ಸೇರಿದ 8 ಚಿಹ್ನೆಗಳ ಲಿಂಕಿಂಗ್ ಕೋಡ್. ಕ್ಯೂಆರ್ ಸ್ಕ್ಯಾನ್ ಬದಲು 'ಫೋನ್ ನಂಬರಿನಿಂದ ಲಿಂಕ್ ಮಾಡಿ' ಅಂತ ಒತ್ತಿದಾಗ ಹುಟ್ಟುವುದು. ಇದನ್ನು ಹಾಕುವುದು ನಿಮ್ಮ ಫೋನಿನಲ್ಲೇ. ಮೋಸಗಾರರು ತಮ್ಮ ಬ್ರೌಸರಿನಲ್ಲಿ ನಿಮ್ಮ ನಂಬರ್ ಹೊಡೆದು, ಬಂದ ಕೋಡನ್ನು 'ಫೋಟೋ ನೋಡಲು ಇದನ್ನು ಹಾಕಿ', 'ಮತ ಹಾಕಲು ಇದನ್ನು ಹಾಕಿ' ಅಂತ ಕಳಿಸುತ್ತಾರೆ. ಹಾಕಿದಿರೋ, ಅವರ ಕಂಪ್ಯೂಟರ್ ನಿಮ್ಮ ಲಿಂಕ್ಡ್ ಡಿವೈಸ್ ಆಯಿತು. ನಿಮ್ಮ ವಾಟ್ಸಾಪ್ ಎಂದಿನಂತೆ ನಡೆಯುತ್ತಲೇ ಇರುತ್ತದೆ. ಟೂ ಸ್ಟೆಪ್ ಪಿನ್ ಇಲ್ಲಿ ಕೇಳುವುದೇ ಇಲ್ಲ, ಅದು ಹೊಸ ನೋಂದಣಿಗೆ ಕಾವಲು, ಲಿಂಕ್ ಮಾಡುವುದಕ್ಕಲ್ಲ. ಇಂಥದ್ದನ್ನು ಹಿಡಿಯುವ ಜಾಗ ಲಿಂಕ್ಡ್ ಡಿವೈಸಸ್ ಪುಟ ಒಂದೇ.

ಜಮಖಂಡಿ_ಲೈಬ್ರರಿ

ವಿದ್ಯಾರ್ಥಿಗಳ ಕಡೆಯಿಂದ ಒಂದು ವಿಷಯ. ಸ್ಕಾಲರ್‌ಶಿಪ್, ಸಿಇಟಿ, ವಿಟಿಯು ಫಾರಂ ಅಂತ ನೆಟ್ ಸೆಂಟರಿನಲ್ಲಿ ಜೀಮೇಲ್ ತೆರೆಯುವವರು ಕ್ರೋಮ್‌ನ ಒಂದು ಪ್ರಶ್ನೆಗೆ ಬೇಡ ಅನ್ನಬೇಕು. ಜೀಮೇಲಿಗೆ ಲಾಗಿನ್ ಆದಾಗ ಕ್ರೋಮ್ ಬ್ರೌಸರ್‌ಗೂ ಅದೇ ಅಕೌಂಟ್ ಹಾಕಲೇ ಅಂತ ಕೇಳುತ್ತದೆ. ಹೌದು ಅಂದರೆ ನಿಮ್ಮ ಫೋನಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು, ಬುಕ್‌ಮಾರ್ಕ್‌ಗಳು ಆ ಸೆಂಟರಿನ ಕಂಪ್ಯೂಟರಿನಲ್ಲಿ ಬಂದು ಕೂರಬಹುದು.

ಮೇಲೆ ಬಲಗಡೆಯ ಗುಂಡು ಚಿತ್ರ ಒತ್ತಿ 'ಗೆಸ್ಟ್' ಆರಿಸಿ, ಅದು ಎಲ್ಲಕ್ಕಿಂತ ಒಳ್ಳೆಯದು. ಇಲ್ಲವೇ ಕಂಟ್ರೋಲ್, ಶಿಫ್ಟ್, ಎನ್ ಮೂರೂ ಒತ್ತಿ ಇನ್‌ಕಾಗ್ನಿಟೊ. ಇನ್‌ಕಾಗ್ನಿಟೊದಲ್ಲಿ ಒಂದು ವಿಂಡೋ ಮುಚ್ಚಿದರೆ ಸಾಲದು, ತೆರೆದಿರುವ ಇನ್‌ಕಾಗ್ನಿಟೊ ವಿಂಡೋ ಎಲ್ಲವನ್ನೂ ಮುಚ್ಚಿದಾಗಲೇ ಸೆಷನ್ ಅಳಿಯುವುದು. ಹಿಂದಿನವರು ಬಿಟ್ಟ ಇನ್ನೊಂದು ವಿಂಡೋ ಕೆಳಗೆ ಇಳಿಸಿಟ್ಟಿದ್ದರೆ ನಿಮ್ಮ ಲಾಗಿನ್ ಜೀವಂತ.

ಅರ್ಜಿಯಲ್ಲಿ ಮೊಬೈಲ್ ನಂಬರ್ ನಿಮ್ಮದೇ ಹಾಕಿಸಿ. ತುಂಬುವವರು ಬೇಗ ಓಟಿಪಿ ಬರಲಿ ಅಂತ ತಮ್ಮ ನಂಬರ್ ಹಾಕುವುದುಂಟು, ಆಮೇಲೆ ಪಾಸ್‌ವರ್ಡ್ ರಿಸೆಟ್ ಓಟಿಪಿ ಎಲ್ಲ ಅವರಿಗೇ.

ಸಿಂದಗಿ_ತೊಗರಿ

ನಂಬರಿನ ಮಾತು ಬಂತು. ಸಿಮ್ ಬದಲಿಸಿ ಬದಲಿಸಿ ದುಡಿಯಾಕ ಪುಣೆ, ಗೋವಾ ಹೋಗೂ ಮಂದಿ ಭಾಳ ಇಲ್ಲೆ. ಹಳೇ ನಂಬರ್ ರಿಚಾರ್ಜ್ ಇಲ್ಲದ ಬಂದ್ ಆದ್ರ ಏನ್ ಆಗ್ತೈತಿ?

ಗುಮ್ಮಟನಗರಿ

ಬಂದ್ ಆದ ನಂಬರನ್ನು 90 ದಿನ ಯಾರಿಗೂ ಕೊಡುವುದಿಲ್ಲ, ಆಮೇಲೆ ಹೊಸ ಗಿರಾಕಿಗೆ ಹೋಗಬಹುದು. ಆ ಹೊಸಬರು ವಾಟ್ಸಾಪ್ ಹಾಕಿದರೆ ನಿಮ್ಮ ಗುಂಪು, ಹೆಸರಿನ ಗೊಂದಲ ಶುರು. 45 ದಿನ ಬಳಕೆ ಇಲ್ಲದ ಅಕೌಂಟ್ ಬೇರೆ ಫೋನಿನಲ್ಲಿ ಸಕ್ರಿಯವಾದರೆ ಹಳೆಯ ಮಾಹಿತಿ ತೆಗೆಯುವ ವ್ಯವಸ್ಥೆ ವಾಟ್ಸಾಪ್‌ನಲ್ಲಿದೆ, ಆದರೆ ಹಳೇ ನಂಬರಿನ ಮೇಲೆ ವಾಟ್ಸಾಪನ್ನು ವೈಫೈನಲ್ಲಿ ಬಳಸುತ್ತಲೇ ಇದ್ದವರಿಗೆ ಅದು ಅನ್ವಯಿಸುವುದಿಲ್ಲ. ಸಿಮ್ ಬಿಡುವ ಮೊದಲು ಬ್ಯಾಂಕ್, ಜೀಮೇಲ್ ರಿಕವರಿ, ಆಧಾರ್, ಡಿಜಿಲಾಕರ್ ಎಲ್ಲ ಕಡೆ ಹೊಸ ನಂಬರ್ ಹಾಕಿ, ವಾಟ್ಸಾಪ್‌ನಲ್ಲಿ 'ಚೇಂಜ್ ನಂಬರ್' ಮಾಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲಿನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್ ಇವೆ ಅಂತ ನೋಡಬಹುದು. ನಮ್ಮ ರಾಜ್ಯದಲ್ಲಿ ಒಬ್ಬರಿಗೆ ಮಿತಿ 9. ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಹಾಕಿ.

ಘಟಪ್ರಭಾ_ಕಾಲುವೆ

ಫೋನ್ ಕಳದ್ರ ಏನ ಮಾಡಬೇಕು ಅನ್ನೂದೂ ಇಲ್ಲೇ ಇರಲಿ. ಡಿವೈಸ್ ಪಟ್ಟಿಯಿಂದ ಅದನ್ನ ಮೊದಲ ಸೈನ್ ಔಟ್ ಮಾಡಬ್ಯಾಡ್ರಿ! ಮಾಡಿದ್ರಿ ಅಂದ್ರ ಫೈಂಡ್ ಹಬ್‌ನಾಗ (ಕಳದ ಫೋನ್ ಹುಡುಕೂ ಗೂಗಲ್ ಆಪ್) ಆ ಫೋನ್ ಹುಡುಕೂ ದಾರಿ ಹೋಗ್ತೈತಿ. ಮೊದಲ ಬ್ಯಾರೆ ಫೋನಿನಿಂದ ಫೈಂಡ್ ಹಬ್ ತಗದು ಲಾಕ್ ಮಾಡ್ರಿ, ಎಲ್ಲೈತಿ ನೋಡ್ರಿ. ಸಿಗೂದಿಲ್ಲಂತ ಖಾತ್ರಿ ಆದ ಮ್ಯಾಗ ಇರೇಸ್, ಅದರ ಹಿಂದ ಸೈನ್ ಔಟ್.

ಸಿಮ್ ಬಂದ್ ಮಾಡಿಸಿ ಡುಪ್ಲಿಕೇಟ್ ತಗೊಂಡ್ರ 24 ತಾಸು ಅದಕ್ಕ ಎಸ್ಸೆಮ್ಮೆಸ್ ಬರೂದಿಲ್ಲ, ಸಿಮ್ ಕಳ್ಳರನ್ನ ತಡಿಯಾಕ ಇಟ್ಟ ನಿಯಮ. ಅಂದ್ರ ಓಟಿಪಿನೂ ಇಲ್ಲ. ಆ 24 ತಾಸಿನ್ಯಾಗ ಒಳಗ ಹೋಗಾಕ ಕೈಯಾಗ ಬ್ಯಾಕಪ್ ಕೋಡ್ ಇರಬೇಕು. ಹಾಳಿ ಮ್ಯಾಗ ಬರದು ಮನ್ಯಾಗ ಇಡ್ರಿ, ಕಳದ ಫೋನಿನ ಗ್ಯಾಲರಿಯಾಗ ಸ್ಕ್ರೀನ್‌ಶಾಟ್ ಇದ್ರ ಏನ್ ಬಂತು?

ಪೊಲೀಸ್ ದೂರಿನ ಪ್ರತಿ ಹಿಡಕೊಂಡು ಸಿಇಐಆರ್‌ನಾಗ (ಕಳದ ಫೋನ್ ಬಂದ್ ಮಾಡಸೂ ಸರ್ಕಾರಿ ಪೋರ್ಟಲ್) ಐಎಂಇಐ, ಅಂದ್ರ ಫೋನಿನ ಗುರುತಿನ ಸಂಖ್ಯೆ, ಬ್ಲಾಕ್ ಮಾಡಸ್ರಿ. ಐಎಂಇಐ 15 ಅಂಕಿ, *#06# ಒತ್ತಿದ್ರ ಬರ್ತೈತಿ, ಇವತ್ತ ಬರದ ಇಟಗೋರಿ. ಡಬ್ಬಿ ಮ್ಯಾಗೂ ಇರ್ತೈತಿ. ರೊಕ್ಕ ಹೋಗಿದ್ರ ತಡಾ ಮಾಡದ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ರಿ, ಬಾಗಲಕೋಟಿ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲಾದಾಗ ಸೈಬರ್ ಅಪರಾಧ ನೋಡೂ ಸಿಇಎನ್ ಪೊಲೀಸ್ ಠಾಣೆ ಅದಾವ.

ನವನಗರ_63

ಮಾರುವ ಫೋನಿಗೆ ಇನ್ನೊಂದು ಕ್ರಮ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ಗೂಗಲ್ ಅಕೌಂಟ್ ರಿಮೂವ್ ಮಾಡಿ, ಆಮೇಲೆ ಫ್ಯಾಕ್ಟರಿ ರಿಸೆಟ್. ಬಟನ್ ಒತ್ತಿ ಹಿಡಿದು ರಿಕವರಿ ಮೋಡ್‌ನಿಂದ ಅಳಿಸಿದರೆ ಆಂಡ್ರಾಯ್ಡ್ 5.1ರಿಂದ ಈಚಿನವು ಹಳೆಯ ಅಕೌಂಟಿನ ಗುರುತು ಕೇಳುತ್ತವೆ, ಕೊಂಡವರು ವಾಪಸ್ ತರುತ್ತಾರೆ. ಐಫೋನಿನಲ್ಲಿ 'ಫೈಂಡ್ ಮೈ' ಬಂದ್ ಮಾಡದೆ ಕೊಟ್ಟರೆ ಆಕ್ಟಿವೇಶನ್ ಲಾಕ್ (ಹಳೆಯ ಆಪಲ್ ಅಕೌಂಟ್ ಕೇಳುವ ಬೀಗ) ಉಳಿಯುತ್ತದೆ.

ಟೆಲಿಗ್ರಾಂ ಇದ್ದವರು ಸೆಟ್ಟಿಂಗ್ಸ್, ಡಿವೈಸಸ್ ನೋಡಿ. ಹೊಸದಾಗಿ ಲಾಗಿನ್ ಆದ ಸೆಷನ್ 24 ಗಂಟೆ ಹಳೆಯ ಸೆಷನ್‌ಗಳನ್ನು ಹೊರಹಾಕಲಾರದು. ಕಳ್ಳರು ಒಳಬಂದರೂ ನಿಮ್ಮನ್ನು ತಕ್ಷಣ ಓಡಿಸಲಾರರು, ಆ ಒಂದು ದಿನ ನಿಮ್ಮದು. 'ಟರ್ಮಿನೇಟ್ ಆಲ್ ಅದರ್ ಸೆಷನ್ಸ್' ಅನ್ನು ಹಳೆಯ ಫೋನಿನಿಂದ ಒತ್ತಿ.

ಟೋಪತೆನಿ_ಇಳಕಲ್

ಗುಮ್ಮಟನಗರಿ ಅವರು ಹೇಳಿದ ಕ್ರಮದಾಗ ಎಲ್ಲಾ ಆತು. ರಿಕವರಿ ಇಮೇಲ್ ಹಳಬರದ್ದ ಇತ್ತು! ಬದಲಿಸೇವಿ. ಲಿನಕ್ಸ್ ಹೋತು, ಹಳೇ ಫೋನ್ ಹೋತು. ಒಂದ ವಿಂಡೋಸ್ ಮಾತ್ರ ಸೈನ್ ಔಟ್ ಕೊಟ್ಟು ಅರ್ಧಾ ತಾಸಿಗೆ ಮತ್ತ ಪಟ್ಟಿಗೆ ಬರ್ತೈತಿ. ಪಾಸ್‌ವರ್ಡ್ ಬದಲಿಸಿದ ಮ್ಯಾಲೂ. ಮತ್ತ ನಾಕ ಮಂದಿಗೆ ಹೊಸ ಪಾಸ್‌ವರ್ಡ್ ಕೊಡೂದ ಅಂದ್ರ ಮತ್ತ ಅದ ಹಾಡ ಅಲ್ಲೇನು?

ಟಿಳಕವಾಡಿ_3ನೇಗೇಟ್

ಪಾಸ್‌ವರ್ಡ್ ಬದಲಿಸಿದ ಮೇಲೂ ಬರುತ್ತಿದ್ದರೆ ಹೊಸ ಪಾಸ್‌ವರ್ಡ್ ಗೊತ್ತಿರುವ ಕಡೆಯಿಂದಲೇ ಬರುತ್ತಿದೆ. ಅಂಗಡಿಯ ಕಂಪ್ಯೂಟರಿನ ಕ್ರೋಮ್‌ನಲ್ಲಿ ಗುಂಡು ಚಿತ್ರ ಒತ್ತಿ ಎಷ್ಟು ಪ್ರೊಫೈಲ್ ಇವೆ ನೋಡಿ. ಎರಡನೇ ಪ್ರೊಫೈಲಿನಲ್ಲಿ ಪಾಸ್‌ವರ್ಡ್ ಮ್ಯಾನೇಜರಿಗೆ ಹೊಸದು ಸಿಂಕ್ ಆಗಿ, ಅಲ್ಲಿ ಕೂತವರು ಒಂದು ಕ್ಲಿಕ್ಕಿನಲ್ಲಿ ಮತ್ತೆ ಒಳಗೆ ಹೋಗುತ್ತಿರಬಹುದು. ಬೇಡದ ಪ್ರೊಫೈಲ್ ಡಿಲೀಟ್ ಮಾಡಿ ಅರ್ಧ ಗಂಟೆ ಕಾಯಿರಿ. ಆಗಲೂ ಬಂದರೆ ಆ ಕಂಪ್ಯೂಟರಿನಲ್ಲಿ ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಏನಾದರೂ ಇದೆಯೇ ನೋಡಬೇಕು. ಅಂಥವುಗಳ ಜೊತೆ ಬರುವ ಮಾಲ್‌ವೇರ್ ಪಾಸ್‌ವರ್ಡನ್ನೂ ಸೆಷನ್ ಕುಕೀಯನ್ನೂ ಹೊರಗೆ ಸಾಗಿಸುತ್ತದೆ. ಕುಕೀ ಕೈಗೆ ಸಿಕ್ಕವರಿಗೆ ಟೂ ಸ್ಟೆಪ್ ಅಡ್ಡ ಬರುವುದಿಲ್ಲ, ಯಾಕೆಂದರೆ ಲಾಗಿನ್ ಆಗಲೇ ಮುಗಿದಿದೆ. ಆಗ ವಿಂಡೋಸ್ ಹೊಸದಾಗಿ ಹಾಕಿ, ಆಮೇಲೆ ಬೇರೆ ಫೋನಿನಿಂದ ಪಾಸ್‌ವರ್ಡ್ ಇನ್ನೊಮ್ಮೆ ಬದಲಿಸಿ.

ನಾಲ್ವರಿಗೆ ಪಾಸ್‌ವರ್ಡ್ ಕೊಡಲೇಬೇಡಿ. ಜೀಮೇಲ್ ಸೆಟ್ಟಿಂಗ್ಸ್, 'ಅಕೌಂಟ್ಸ್ ಅಂಡ್ ಇಂಪೋರ್ಟ್', 'ಗ್ರಾಂಟ್ ಆಕ್ಸೆಸ್ ಟು ಯುವರ್ ಅಕೌಂಟ್' ಅಂತ ಇದೆ. ಅಲ್ಲಿ 10 ಜನರವರೆಗೆ ಅವರವರ ಸ್ವಂತ ಜೀಮೇಲ್ ಸೇರಿಸಬಹುದು. ಅವರು ಅಂಗಡಿಯ ಮೇಲ್ ಓದಬಹುದು, ಕಳಿಸಬಹುದು, ಅಳಿಸಬಹುದು, ಪಾಸ್‌ವರ್ಡ್ ಮುಟ್ಟಲಾಗದು. ಸೇರಿಸುವುದು ಕಂಪ್ಯೂಟರಿನಿಂದಲೇ ಆಗಬೇಕು. ಅವರಿಗೆ ಹೋಗುವ ಆಮಂತ್ರಣ ಒಂದು ವಾರದಲ್ಲಿ ಸಾಯುತ್ತದೆ, ಒಪ್ಪಿದ ಮೇಲೆ ಜಾರಿಯಾಗಲು 24 ಗಂಟೆ ಹಿಡಿಯಬಹುದು. ಕೆಲಸ ಬಿಟ್ಟವರ ಹೆಸರಿನ ಮುಂದೆ 'ಡಿಲೀಟ್' ಒತ್ತಿದರೆ ಮುಗಿಯಿತು, ಉಳಿದ ಮೂವರಿಗೆ ಏನೂ ಬದಲಾಗುವುದಿಲ್ಲ.

ಟೋಪತೆನಿ_ಇಳಕಲ್

ಎರಡ ಪ್ರೊಫೈಲ್ ಇದ್ವು. ಹಳೇದರ ಹೆಸರು 'ಪರ್ಸನ್ 1'. ತಗದೀವಿ, ಸಾಲು ಮತ್ತ ಬಂದಿಲ್ಲ. ಟಿವಿ ಸಾಲು ಉಳದೈತಿ, ಅದು ಅಂಗಡ್ಯಾಗಿನ ಯೂಟ್ಯೂಬ್ ಹಚ್ಚೂ ಟಿವಿ.

ಖಡೇಬಜಾರ್_ಪ್ರಿಂಟ್

ಟಿವಿಗೆ ಬ್ಯಾರೆ ಜೀಮೇಲ್ ಮಾಡ್ರಿ. ಗಿರಾಕಿ ಕೈಯಾಗ ರಿಮೋಟ್ ಇರೂ ಕಡೆ ಅಂಗಡಿ ಅಕೌಂಟ್ ಯಾಕ ಬೇಕು.